"ಆ ಲೈಟ್ ಆರಿಸು" ಅಂದರೆ ಯಾವ ಲೈಟ್?

ಸ್ಮಾರ್ಟ್ ಮನೆಗೆ ಫೋನಿನಲ್ಲಿ ಒಂದು ಒಳ್ಳೆ ಆ್ಯಪ್ ಇದ್ದರೆ ಸಾಕು ಅಂತ ಒಂದು ಲೇಖನದಲ್ಲಿ ಓದಿದೆ. ನಾನು ಒಪ್ಪುವುದಿಲ್ಲ.

ಬಸವನಗುಡಿಯ ನಮ್ಮ ಮನೆಯಲ್ಲಿ ಅಮ್ಮ ಚಪಾತಿ ಹಿಟ್ಟು ಕಲಸುತ್ತಾ, ಮೊಣಕೈಯನ್ನು ಹಾಲ್ ಕಡೆ ತಿರುಗಿಸಿ "ಆ ಲೈಟ್ ಆರಿಸು" ಅನ್ನುತ್ತಾರೆ. ಹಿಟ್ಟಿನ ಕೈಯಲ್ಲಿ ಫೋನ್ ಮುಟ್ಟೋಕಾಗುತ್ತಾ? ಮಾತು ಕೇಳಿದ ಸ್ಮಾರ್ಟ್ ಸ್ಪೀಕರಿಗೆ "ಆ" ಅಂದರೆ ಯಾವುದೆಂದು ಗೊತ್ತಿಲ್ಲ. ಸನ್ನೆ ನೋಡಿದ ಕ್ಯಾಮೆರಾಗೆ ಏನು ಮಾಡಬೇಕೆಂದು ಗೊತ್ತಿಲ್ಲ. ಎರಡೂ ಒಂದೇ ಗಳಿಗೆಯಲ್ಲಿ ಬಂದವು ಅಂತ ಗಮನಿಸಿ ಜೋಡಿಸುವವರು ನಡುವೆ ಬೇಕು, ಅಲ್ವಾ? ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ರಿಚರ್ಡ್ ಬೋಲ್ಟ್ 1980ರಲ್ಲೇ ಮಾತು, ಕೈಸನ್ನೆ ಎರಡನ್ನೂ ಸೇರಿಸಿ ಪರದೆಯ ಮೇಲಿನ ಆಕೃತಿಗಳನ್ನು ಸರಿಸಿ ತೋರಿಸಿದ್ದರು.

ವೆಬ್‌ಗೆ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2012ರಲ್ಲಿ ಇದಕ್ಕೆಂದೇ ಒಂದು ವಿನ್ಯಾಸವನ್ನು ಮಾನದಂಡ ಮಾಡಿತು. ಧ್ವನಿ, ಸ್ಪರ್ಶ, ಸನ್ನೆ ಎಲ್ಲ ಬೇರೆ ಬೇರೆ ಘಟಕಗಳು. ಅವು ತಮ್ಮತಮ್ಮಲ್ಲೇ ಮಾತಾಡುವುದಿಲ್ಲ. ಎಲ್ಲವನ್ನೂ ಜೋಡಿಸುವ ನಡುವಿನ ತಂತ್ರಾಂಶಕ್ಕೆ, ಅಂದರೆ ಇಂಟರಾಕ್ಷನ್ ಮ್ಯಾನೇಜರ್‌ಗೆ ಮಾತ್ರ ಸಂದೇಶ ಕಳಿಸುತ್ತವೆ. ನಾಳೆ ಹೊಸ ಸ್ಮಾರ್ಟ್ ವಾಚ್ ಬಂದರೂ ಹಳೆಯ ಘಟಕಗಳನ್ನು ಕೆದಕಬೇಕಾಗಿಲ್ಲ.

ಆದರೆ ಆ ಮ್ಯಾನೇಜರ್ ಮನೆಯೊಳಗೇ ಇರಬೇಕು. ಒಮ್ಮೆ ಜೋರು ಮಳೆಗೆ ನಮ್ಮ ಇಂಟರ್ನೆಟ್ ಹೋಯಿತು. ಕರೆಂಟ್ ಇತ್ತು. ಆದರೂ ರೂಮಿನ ಲೈಟ್ ಫೋನಿನ ಮಾತು ಕೇಳಲಿಲ್ಲ. ಆಜ್ಞೆ ಎಲ್ಲೋ ದೂರದ ಸರ್ವರ್‌ಗೆ ಹೋಗಿ ಬರಬೇಕಿತ್ತು. ಅಪ್ಪ ಎದ್ದು ಹೋಗಿ ಗೋಡೆಯ ಸ್ವಿಚ್ ಒತ್ತಿದರು. ಆ ಸ್ವಿಚ್ಚನ್ನೂ ಒಂದು ಘಟಕವೆಂದು ಲೆಕ್ಕಕ್ಕೆ ತೆಗೆದುಕೊಳ್ಳಿ. ಅದನ್ನು ಒತ್ತಿದ್ದು ಫೋನಿಗೂ ಸ್ಪೀಕರಿಗೂ ತಿಳಿಯಬೇಕು.