ಎಷ್ಟು ಅಂದ್ರೆ ಎಷ್ಟು?

ಹೋದ ವಾರ ಆಫೀಸಿನ ಸಾಹೇಬರಿಂದ ಮೇಲ್ ಬಂತು. 'ಎ ಫ್ಯೂ' ತಿದ್ದುಪಡಿಗಳಿವೆ, ನೋಡಿಬಿಡಿ ಅಂತ. ಮೂರೋ ನಾಲ್ಕೋ ಇರಬಹುದು, ಕಾಫಿ ಕುಡಿಯುವಷ್ಟರಲ್ಲಿ ಮುಗಿಸೋಣ ಎಂದು ಫೈಲ್ ತೆರೆದೆ. 17 ಇದ್ದವು. ಕಾಫಿ ಆರಿ ಕೆನೆ ಕಟ್ಟಿತು.

ಈ 'ಫ್ಯೂ' ಭಾರಿ ಕಿಲಾಡಿ. ಒಂಟಿಯಾಗಿದ್ದರೆ ಇಲ್ಲ ಅನ್ನುವಷ್ಟು ಕಮ್ಮಿ. ಮೊದಲಿಗೆ ಒಂದು 'ಎ' ಸೇರಿತೋ, 'ಕೆಲವು ಇವೆಯಪ್ಪಾ' ಎಂದು ಮುಖ ಅರಳಿಸುತ್ತದೆ. ಅದಕ್ಕೂ ಮೊದಲು 'ಕ್ವೈಟ್' ಬಂದರೆ ಮುಗೀತು, ಬೇಕಾದಷ್ಟು! ಕಮ್ಮಿ ಅನ್ನೋದೇ ಜಾಸ್ತಿ ಆಗೋದು ಯಾವೂರ ನ್ಯಾಯ ಎಂದು ಹೈಸ್ಕೂಲಿನಲ್ಲಿ ತಲೆ ಕೆರೆದುಕೊಂಡಿದ್ದೆ. ಆದರೆ ನಮ್ಮ 'ಸುಮಾರು' ಏನು ಸಾಮಾನ್ಯವೇ? ಮದುವೆಗೆ ಸುಮಾರು ಜನ ಬಂದಿದ್ದರು ಅಂದರೆ ಛತ್ರ ತುಂಬಿತ್ತು ಅಂತ. ಊಟ ಸುಮಾರಾಗಿತ್ತು ಅಂದರೆ ಸಾರಿಗೆ ಉಪ್ಪಿರಲಿಲ್ಲ ಅಂತ.

'ಪ್ಲೆಂಟಿ' ಬೇರೆ ಜಾತಿ. ಅದು ಎಣಿಸುವುದೇ ಇಲ್ಲ, ಹೊಟ್ಟೆ ನೋಡುತ್ತದೆ. ಸಕ್ಕರೆ ಕಾಯಿಲೆಯವರ ಎಲೆಯ ಮೇಲೆ ಎರಡು ಹೋಳಿಗೆ ಪ್ಲೆಂಟಿ. ಅವರ ಪಕ್ಕ ಕೂತ ಹುಡುಗನಿಗೆ ಆರೂ ಅಲ್ಲ.

ಸರಿ, ಅಂಕಿಗಳಾದರೂ ನೆಟ್ಟಗಿವೆಯಾ? 'ಮಿರಿಯಡ್' ಗ್ರೀಕರಲ್ಲಿ ಲೆಕ್ಕಕ್ಕೆ ಸರಿಯಾಗಿ 10,000 ಆಗಿತ್ತು. ಇಂಗ್ಲಿಷಿಗೆ ಬಂದು ಈಗ ಎಣಿಸಲಾಗದಷ್ಟು ಅಂತ ಮೆರೆಯುತ್ತಿದೆ. 'ಬಿಲಿಯನ್' ಕತೆ ಉಲ್ಟಾ. ಬ್ರಿಟನ್ನಿನಲ್ಲಿ ಮೊದಲು ಅದು ಮಿಲಿಯನ್ನಿನ ಮಿಲಿಯನ್, ನಮ್ಮ ಲೆಕ್ಕದಲ್ಲಿ ಒಂದು ಲಕ್ಷ ಕೋಟಿ. ಅಮೆರಿಕದವರಿಗೆ ಬರೀ ನೂರು ಕೋಟಿ. 1974ರಲ್ಲಿ ಬ್ರಿಟನ್ನಿನ ಪ್ರಧಾನಿ ಹೆರಾಲ್ಡ್ ವಿಲ್ಸನ್ ಅವರ ಸರ್ಕಾರ, ಇನ್ನು ಸರ್ಕಾರಿ ಕಾಗದಪತ್ರಗಳಲ್ಲೂ ಅಮೆರಿಕದ ಲೆಕ್ಕವೇ ಎಂದುಬಿಟ್ಟಿತು. ಪದ ಅದೇ, ಒಳಗಿನ ಸರಕು ಮಾತ್ರ ಸಾವಿರದಲ್ಲೊಂದು ಪಾಲು. ಪ್ಯಾಕೆಟ್ ಅಷ್ಟೇ ಇಟ್ಟು ಬಿಸ್ಕತ್ತು ಕಮ್ಮಿ ಮಾಡಿದ ಹಾಗೆ, ಅಲ್ವಾ?

ನನಗೆ ಇಷ್ಟ 'ಅಂಪ್ಟೀನ್', ಅಂದರೆ ಲೆಕ್ಕವಿಲ್ಲದಷ್ಟು. ಬಾಲ ನೋಡಿದರೆ ಥರ್ಟೀನ್, ಫೋರ್ಟೀನ್‌ಗಳ ದಾಯಾದಿ. ತಲೆ ನೋಡಿದರೆ ಯಾವ ಅಂಕಿಯೂ ಅಲ್ಲ. ಅದು ಬಾಯಿಗೆ ಬರುವುದು ಹೆಚ್ಚಾಗಿ ಸಿಟ್ಟು ಬಂದಾಗ. ನಮ್ಮ ಮನೆಯಲ್ಲಿ ಅದಕ್ಕೆ 'ನೂರು ಸಲ' ಅನ್ನುತ್ತಾರೆ. "ಒದ್ದೆ ಟವೆಲ್ ಮಂಚದ ಮೇಲೆ ಹಾಕಬೇಡಿ ಅಂತ ನೂರು ಸಲ ಹೇಳಿದ್ದೀನಿ ರೀ!" ಬೆಳಿಗ್ಗೆ ನೂರು ಇದ್ದದ್ದು ಸಂಜೆ ಹೊತ್ತಿಗೆ ಸಾವಿರ ಆಗಿರುತ್ತದೆ. ನಾನು ಎಣಿಸಿದಂತೆ ಎಂಟೋ ಒಂಬತ್ತೋ ಸಲ ಇರಬಹುದು. ಆದರೆ ಆ ಲೆಕ್ಕವನ್ನು ಇನ್ನೂ ಒಪ್ಪಿಸಿಲ್ಲ.