ಬೀಗದ ಕೈ ಯಾರ ಹತ್ರ?

ಮಲೆನಾಡಿನ ಸಣ್ಣಪುಟ್ಟ ಮ್ಯೂಸಿಯಂ ನೋಡೋಕೆ ಹೋಗೋರಿಗೆ ಇತಿಹಾಸ ಗೊತ್ತಿಲ್ದಿದ್ರೂ ನಡೆಯುತ್ತೆ, ಬೀಗದ ಕೈ ಯಾರ ಹತ್ರ ಇದೆ ಅನ್ನೋದು ಮಾತ್ರ ಗೊತ್ತಿರ್ಬೇಕು. ನಾನಿದನ್ನ ಕಲಿತಿದ್ದು ಹೋದ ವರ್ಷ, ನಾಲ್ಕು ಗಂಟೆ ಘಾಟಿ ರಸ್ತೇಲಿ ಹೊಟ್ಟೆ ತೊಳೆಸ್ಕೊಂಡು, ಮಗ ಎರಡು ಸಲ ವಾಂತಿ ಮಾಡ್ಕೊಂಡು, ಅಂತೂ ಇಂತೂ ಒಂದು ಮ್ಯೂಸಿಯಂ ಮುಂದೆ ಕಾರ್ ನಿಲ್ಸಿದಾಗ. ಗೇಟ್ ಮೇಲೆ 'ಸೋಮವಾರ ರಜೆ' ಅಂತ ಬೋರ್ಡು. ಅವತ್ತು ಸೋಮವಾರ. ಭಾನುವಾರ ರಶ್ ಇರುತ್ತೆ ಅಂತ ಬೇಕಂತಲೇ ಸೋಮವಾರಕ್ಕೆ ಆಫೀಸಿಗೆ ಲೀವ್ ಹಾಕಿದ್ದ ಬುದ್ಧಿವಂತ ನಾನೇ. ಹೆಂಡತಿ ಒಂದೇ ಒಂದು ಮಾತೂ ಆಡ್ಲಿಲ್ಲ, ಬೋರ್ಡಿನ ಫೋಟೋ ತೆಗ್ದು ಇಟ್ಕೊಂಡ್ಲು. ಈಗ್ಲೂ ಮನೇಲಿ ನಾನು ಯಾವ್ದಾದ್ರೂ ವಿಷ್ಯದಲ್ಲಿ ಸ್ವಲ್ಪ ಜಾಸ್ತಿ ತಿಳ್ಕೊಂಡೋನ ಥರ ಮಾತಾಡಿದ್ರೆ ಆ ಫೋಟೋ ವಾಟ್ಸಾಪಲ್ಲಿ ಬಂದು ಬೀಳುತ್ತೆ.

ಅದಕ್ಕೇ ಈ ವರ್ಷ ಶನಿವಾರ ಭಾನುವಾರ ಇಟ್ಕೊಂಡ್ವಿ. ಸೆಪ್ಟೆಂಬರ್ ಕೊನೆ, ಮಳೆ ಕಮ್ಮಿಯಾಗಿರುತ್ತೆ ಅಂತ ನಮ್ಮ ಲೆಕ್ಕ, ಮಳೆಗೆ ಯಾರೂ ಹೇಳಿರ್ಲಿಲ್ಲ ಅಷ್ಟೇ. ಕಾರಲ್ಲಿ ನಾನು, ಹೆಂಡತಿ, ಹತ್ತು ವರ್ಷದ ಮಗ, ನಮ್ಮಮ್ಮ, ಆಮೇಲೆ ನಮ್ಮಮ್ಮನ ಕೊಡೆ. ಕೊಡೇನ ಬೇರೆ ಲೆಕ್ಕ ಹಿಡಿಯೋಕೆ ಕಾರಣ ಇದೆ, ಅದು ಅವ್ರಪ್ಪಂದು, ಬೆತ್ತದ ಹಿಡಿ, ದಪ್ಪ ಕರೀ ಬಟ್ಟೆ, ಮಡಚಿದ್ರೆ ಊರುಗೋಲು, ಬಿಚ್ಚಿದ್ರೆ ಚಪ್ಪರ. ಅಮ್ಮ ಹುಟ್ಟಿದ್ದು ತೀರ್ಥಹಳ್ಳಿ ಕಡೆ, ಮದ್ವೆಯಾಗಿ ಬಯಲುಸೀಮೆಗೆ ಬಂದು ಐವತ್ತು ವರ್ಷ ಆಗಿದ್ರೂ ನಮ್ಮ ಬಟನ್ ಒತ್ತೋ ಕೊಡೆಗಳನ್ನ ಅವ್ರಿನ್ನೂ ಕೊಡೆ ಅಂತ ಒಪ್ಕೊಂಡಿಲ್ಲ. 'ಅದು ಮಕ್ಳಾಟದ ಸಾಮಾನು' ಅಂತಾರೆ.

ಮೊದ್ಲು ಕುಪ್ಪಳ್ಳಿ. ಕುವೆಂಪು ಹುಟ್ಟಿದ್ದು 1904ರ ಡಿಸೆಂಬರ್ 29ಕ್ಕೆ, ತಾಯಿ ತವರು ಹಿರೇಕೊಡಿಗೆಯಲ್ಲಿ, ಬೆಳೆದಿದ್ದು ಮಾತ್ರ ಈ ಮನೇಲಿ ಅಂತ ನಾನು ದಾರಿಯುದ್ದಕ್ಕೂ ಪಾಠ ಮಾಡ್ಕೊಂಡು ಬಂದಿದ್ದೆ. ಮಗ ಆ ಮೂರಂತಸ್ತಿನ ಮನೆ, ಅಂಗಳ, ಮರದ ಕಂಬ ಎಲ್ಲಾ ಒಂದು ಸುತ್ತು ನೋಡಿ ಕೇಳಿದ, 'ಅವ್ರಿಗೆ ಇದ್ರಲ್ಲಿ ಯಾವ ರೂಮ್ ಕೊಟ್ಟಿದ್ರು?' ನನ್ನ ಪಾಠದಲ್ಲಿ ಅದು ಇರ್ಲಿಲ್ಲ. ಅಮ್ಮ ತಕ್ಷಣ, 'ಮಳೆಗಾಲದಲ್ಲಿ ಯಾರಿಗೂ ರೂಮ್ ಇಲ್ಲ ಮಗಾ, ಎಲ್ರೂ ಒಲೆ ಮುಂದೆ' ಅಂದ್ರು. ಅಲ್ಲಿಂದ ಗೈಡ್ ಕೆಲ್ಸ ಅವ್ರದ್ದಾಯ್ತು. ಒನಕೆ ಹಿಡಿಯೋದು ಹೇಗೆ, ಕಡೆಗೋಲಿಗೆ ಹಗ್ಗ ಸುತ್ತೋದು ಹೇಗೆ, ಹಂಡೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಕೈ ಹೇಗಾಗ್ತಿತ್ತು ಅಂತ ಹೇಳ್ತಾ ಹೋದ್ರು, ಹಿಂದೆ ತಿರುಗಿ ನೋಡಿದ್ರೆ ಎಲ್ಲಿಂದ್ಲೋ ಟೆಂಪೋ ಮಾಡ್ಕೊಂಡು ಬಂದಿದ್ದ ಹದಿನೈದು ಜನ ನಮ್ಮ ಹಿಂದೇನೇ ಬರ್ತಿದಾರೆ, ಒಬ್ರು ನೋಟ್ಸ್ ಬೇರೆ ಬರ್ಕೋತಿದಾರೆ. ಕೊನೇಲಿ ಒಬ್ಬ ಅಜ್ಜ ಬಂದು ಬಹಳ ಗೌರವದಿಂದ ಅಮ್ಮನ ಹತ್ರ ಕೇಳಿದ್ದು, ಇಲ್ಲಿ ಬಾತ್‌ರೂಮ್ ಯಾವ ಕಡೆ ಅಂತ.

ಕವಿಶೈಲದಲ್ಲಿ ನನ್ನ ಮಾನ ಹೋಯ್ತು. ಮೇಲೆ ಆ ದೊಡ್ಡ ದೊಡ್ಡ ಕಲ್ಲು ನಿಲ್ಸಿರೋ ಜಾಗ, ಕವಿಯ ಸಮಾಧಿ, ಸುತ್ತ ಕಾಡು, ಮಂಜು, ಯಾರಿಗಾದ್ರೂ ಬಾಯಿ ಮುಚ್ಚಿ ಹೋಗುತ್ತೆ. ನಾನು ಮುಚ್ಚಲಿಲ್ಲ. ಹಳೇ ಕಲ್ಲುಗಳ ಮೇಲೆ ಹೆಸ್ರು ಕೆತ್ತೋರು ಎಂಥ ಅನಾಗರಿಕರು ಅಂತ ಮಗನಿಗೆ ಹೇಳ್ತಾ ಇದ್ದೆ. ಅವ್ನು ಒಂದು ಬಂಡೆ ಹತ್ರ ನಿಂತ್ಕೊಂಡ. ಅದ್ರ ಮೇಲೆ ಬಿಎಂಶ್ರೀ, ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಹೆಸ್ರು ನೀಟಾಗಿ ಕೆತ್ತಿದೆ. 'ಇವ್ರು?' ಅಂದ. 'ಕುವೆಂಪು ಅವ್ರಿಗೆ ಜ್ಞಾನಪೀಠ ಬಂದಿದೆ ಕಣೋ' ಅಂದೆ. 'ಬಂದ್ಮೇಲೆ ಕೆತ್ತಿದ್ದಾ, ಮೊದ್ಲೇ ಕೆತ್ತಿದ್ದಾ?' ಬಿಎಂಶ್ರೀ ತೀರ್ಕೊಂಡಿದ್ದು 1946ರಲ್ಲಿ, ಜ್ಞಾನಪೀಠ 1967ರದ್ದು, ಹೇಗೆ ಲೆಕ್ಕ ಹಾಕಿದ್ರೂ ಸೋಲೋದು ನಾನೇ. ಪುಣ್ಯಕ್ಕೆ ಅಷ್ಟೊತ್ತಿಗೆ ಹೆಂಡತಿ ಕಿರುಚಿದ್ಲು, ಕಾಲಿಗೆ ಇಂಬಳ, ಅಂದ್ರೆ ಕಾಡಿನ ಜಿಗಣೆ. ನಾನು ಬ್ಯಾಗಲ್ಲಿ ಸ್ಯಾನಿಟೈಸರ್ ಹುಡುಕ್ತಾ ಇರೋವಾಗ ಅಮ್ಮ ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗ್ದು ಒಂದು ಚೂರು ಮುಟ್ಟಿಸಿದ್ರು, ಇಂಬಳ ಉದುರಿತು. ಸುಣ್ಣ ವಾಪಸ್ ಚೀಲಕ್ಕೆ. ಅದೇ ಡಬ್ಬಿಯಿಂದ ಸಂಜೆ ಎಲೆ ಹಾಕ್ಕೊಂಡ್ರಾ ಅಂತ ನಾನು ಕೇಳೋಕೆ ಹೋಗ್ಲಿಲ್ಲ.

ಶೃಂಗೇರಿ ವಿದ್ಯಾಶಂಕರ ದೇವಸ್ಥಾನದಲ್ಲಿ ಹನ್ನೆರಡು ರಾಶಿಕಂಬ ಇದ್ಯಲ್ಲ, ಆಯಾ ತಿಂಗಳ ಸೂರ್ಯನ ಬಿಸಿಲು ಆಯಾ ರಾಶಿ ಕಂಬದ ಮೇಲೆ ಬೀಳೋ ಹಾಗೆ 14ನೇ ಶತಮಾನದಲ್ಲೇ ಕಟ್ಟಿದಾರೆ ಅಂತಾರೆ. ಇದನ್ನ ನಾನು ಹೇಳುವಾಗ ಹೊರಗೆ ಧೋ ಅಂತ ಮಳೆ, ಒಳಗೆ ಕತ್ಲು. ಹೆಂಡತಿ ಯೋಚ್ನೆ ಮಾಡಿ ಕೇಳಿದ್ಲು, 'ಹಾಗಾದ್ರೆ ಕರ್ಕಾಟಕ, ಸಿಂಹ ರಾಶಿ ಕಂಬಗಳ ಗತಿ ಏನು? ಜುಲೈ ಆಗಸ್ಟಲ್ಲಿ ಇಲ್ಲಿ ಬಿಸಿಲು ಎಲ್ಲಿಂದ ತರ್ತಾರೆ?' ನಿಜ ಹೇಳ್ಬೇಕಂದ್ರೆ ಇಡೀ ಟ್ರಿಪ್ಪಲ್ಲಿ ಯಾರಾದ್ರೂ ಕೇಳಿದ ಅತಿ ಒಳ್ಳೆ ಪ್ರಶ್ನೆ ಇದೇ. ನನ್ನದು ಕರ್ಕಾಟಕ ರಾಶಿ. ಐವತ್ತು ವರ್ಷದ ನನ್ನ ಜಾತಕ ಅವತ್ತು ಒಂದೇ ನಿಮಿಷದಲ್ಲಿ ಅರ್ಥ ಆಯ್ತು.

ಭಾನುವಾರ ನೋಡಿದ ಮ್ಯೂಸಿಯಂ ಹೆಸ್ರು ಹೇಳಲ್ಲ, ಯಾಕೆ ಅಂತ ಆಮೇಲೆ ಗೊತ್ತಾಗುತ್ತೆ. ಘಟ್ಟದ ಅಂಚಿನ ಒಂದು ಊರು, ಊರೋರೇ ಹಳೇ ಸಾಮಾನೆಲ್ಲಾ ಸೇರ್ಸಿ ನಾಲ್ಕು ಕೋಣೆ ಮನೇಲಿ ಇಟ್ಟಿದಾರೆ. ಬೋರ್ಡ್ ಪ್ರಕಾರ ಹತ್ತರಿಂದ ಐದು. ನಾವು ಹೋಗಿದ್ದು ಹನ್ನೆರಡೂವರೆಗೆ, ಬೀಗ. ಬೋರ್ಡ್ ಮೇಲೆ ಫೋನ್ ನಂಬರ್ ಇತ್ತು, ಕೊನೇ ಎರಡು ಅಂಕಿ ಮಳೇಲಿ ತೊಳ್ಕೊಂಡು ಹೋಗಿದ್ವು. ಪಕ್ಕದ ಸೈಕಲ್ ಶಾಪಲ್ಲಿ ಕೇಳಿದ್ರೆ, 'ಕೀ ಅವ್ರ ಹತ್ರ ಉಂಟು, ಅವ್ರು ವೈಕುಂಠ ಸಮಾರಾಧನೆಗೆ ಹೋಗಿದಾರೆ ಮಾರಾಯ್ರೆ, ಆ ಕೆಂಪು ಹೆಂಚಿನ ಮನೆ, ಹೋಗಿ ಕರೀರಿ' ಅಂದ್ರು.

ಹೋದ್ವಿ. ಕೀ ಇದ್ದೋರು ಪಂಕ್ತಿಲಿ ಹುಳಿ ಬಡಿಸ್ತಾ ಇದ್ರು. ನಾನು ಬಾಗ್ಲಲ್ಲಿ ನಿಂತು ಕೈಸನ್ನೆ ಮಾಡಿದ್ರೆ ಅವ್ರು ಅದನ್ನ ಬೇರೆ ಥರ ತಿಳ್ಕೊಂಡು 'ಬನ್ನಿ ಬನ್ನಿ, ಈ ಪಂಕ್ತಿಲೇ ಜಾಗ ಇದೆ' ಅಂತ ನಾಲ್ಕು ಎಲೆ ಹಾಕ್ಸೇಬಿಟ್ರು. ಬೇಡ ಅನ್ನೋಕೆ ಆಗಲ್ಲ, ತೀರ್ಕೊಂಡೋರ ಮನೆ ಊಟ. ಹಾರ ಹಾಕಿದ ಫೋಟೋ ಎದ್ರಿಗೇ ಇದೆ, ಯಾರು ಏನು ಗೊತ್ತಿಲ್ಲ, ನಾನೂ ಹೆಂಡತೀನೂ ಮುಖ ಸಣ್ಣ ಮಾಡ್ಕೊಂಡು ಕೂತ್ವಿ, ಕೋಸಂಬರಿ ತಿನ್ನುವಾಗ್ಲೂ ದುಃಖದಿಂದ್ಲೇ ತಿಂದ್ವಿ. ಪಕ್ಕದೋರು 'ನಿಮ್ಗೆ ಹೇಗೆ ಸಂಬಂಧ?' ಅಂತ ಕೇಳಿದ್ರು. ನಾನು 'ಮ್ಯೂಸಿಯಂ' ಅಂತ ಬಾಯಿ ತೆಗೆಯೋಷ್ಟ್ರಲ್ಲಿ ಅಮ್ಮ ಶುರು ಮಾಡಿದ್ರು, ನಿಮ್ಮದ್ಯಾವೂರು, ತಾಯಿ ಕಡೆ ಯಾರು, ಕೊಪ್ಪದಲ್ಲಿ ಅಂಗಡಿ ಇಟ್ಟಿದ್ರಲ್ಲ ಅವ್ರಾ, ಅಂತೆಲ್ಲಾ. ಪಾಯಸ ಬರೋ ಹೊತ್ತಿಗೆ ಹೋಗಿದ್ದ ಅಜ್ಜಿ ನಮ್ಮಮ್ಮನ ಚಿಕ್ಕಮ್ಮನ ಓರಗಿತ್ತಿ ಕಡೆಯೋರು ಅಂತ ತೀರ್ಮಾನ ಆಗಿತ್ತು. ಅಮ್ಮ ನಿಜವಾಗ್ಲೂ ಕಣ್ಣೊರೆಸ್ಕೊಂಡ್ರು. ಮಗ ಎರಡನೇ ಸಲ ಪಾಯಸ ಹಾಕ್ಸ್ಕೊಂಡು, 'ಇಲ್ಲಿ ಇನ್ನೊಂದು ಯಾವಾಗ ಇದೆ?' ಅಂತ ಜೋರಾಗೇ ಕೇಳ್ದ.

ಅಂತೂ ಮ್ಯೂಸಿಯಂ ಬಾಗ್ಲು ತೆಗ್ದಾಗ ಮೂರು ಗಂಟೆ, ಮಳೆ ಜೋರು, ಕರೆಂಟಿಲ್ಲ. ಹೊಸ್ತಿಲಲ್ಲಿ ಮತ್ತೆ ನಮ್ಮ ಹಳೇ ಸಮಸ್ಯೆ, ಚಪ್ಪಲಿ ಬಿಡ್ಬೇಕಾ ಬೇಡ್ವಾ. ಮಡಿಕೇರಿ ಕೋಟೆ ಒಳಗಿನ ಮ್ಯೂಸಿಯಂ ಬ್ರಿಟಿಷರ ಕಾಲದ ಚರ್ಚಲ್ಲಿದೆ, ಅಲ್ಲಿ ನಮ್ಮಮ್ಮ ಚಪ್ಪಲಿ ಬಿಟ್ಟು, ಕೈ ಮುಗ್ದು, ಒಳಗಿದ್ದ ವಿಗ್ರಹಗಳಿಗೆಲ್ಲಾ ಒಂದೊಂದು ಪ್ರದಕ್ಷಿಣೆ ಹಾಕಿ ಬಂದಿದ್ರು. ಇಲ್ಲೂ ಬಿಟ್ವಿ. ಕೊಡೆಯಿಂದ ನೀರು ಇಳೀತಾ ಇದ್ದಿದ್ದು ನೋಡಿ ಕೀ ಇದ್ದೋರು 'ಅಲ್ಲಿ ಮೂಲೇಲಿ ಇಡಿ ಅಮ್ಮ' ಅಂದ್ರು. ಆ ಮೂಲೆ ಏನು ಎತ್ತ ಅಂತ ಕತ್ಲಲ್ಲಿ ಯಾರೂ ನೋಡ್ಲಿಲ್ಲ.

ಮೊಬೈಲ್ ಟಾರ್ಚ್ ಹಾಕ್ಕೊಂಡು ನೋಡೋದ್ರಲ್ಲಿ ಒಂದು ಸುಖ ಇದೆ, ಒಂದೊಂದೇ ಸಾಮಾನು ಕತ್ಲಿಂದ ಎದ್ದು ಬರುತ್ತೆ. ಒಂದು ಗೋಡೆ ಮೇಲೆ ಹಸೆ ಚಿತ್ತಾರ ಇತ್ತು, ಸಾಗರ ಸೊರಬ ಕಡೆ ದೀವರ ಹೆಣ್ಮಕ್ಳು ಬರೀತಾರಲ್ಲ ಅದು, ಕೆಮ್ಮಣ್ಣು ಬಳಿದ ಗೋಡೆಗೆ ಅಕ್ಕಿಹಿಟ್ಟಿನ ಬಿಳಿ ಗೆರೆ, ಪುಂಡಿ ನಾರಿನ ಕುಂಚ. ಸ್ಕೇಲ್ ಇಟ್ಟು ಎಳೆದ್ರೂ ನನ್ ಕೈಲಿ ಆ ಗೆರೆ ಬರಲ್ಲ, ಅವ್ರು ಬರೀ ಕೈಲಿ ಎಳೀತಾರೆ. ಅಲ್ಲಿ ಮಾತ್ರ ನಾವು ನಾಲ್ಕೂ ಜನ ಸ್ವಲ್ಪ ಹೊತ್ತು ಸುಮ್ನಿದ್ವಿ. ಆಮೇಲೆ ಪಕ್ಕದ ಮೇಜಿನ ಮೇಲೆ 'ಪೂಜಾ ಪಾತ್ರೆ' ಅಂತ ಚೀಟಿ ಅಂಟಿಸಿದ್ದ ಹಿತ್ತಾಳೆ ಸಾಮಾನು, ಅದಕ್ಕೆ ಯಾರೋ ದಾಸವಾಳ ಬೇರೆ ಇಟ್ಟಿದ್ರು. ಅಮ್ಮ ನನ್ನ ಕಿವೀಲಿ, ಅಂದ್ರೆ ಇಡೀ ಕೋಣೆಗೆ ಕೇಳೋ ಹಾಗೆ, 'ಲೇ, ಅದು ಪೀಕದಾನಿ' ಅಂದ್ರು. ಕೀ ಇದ್ದೋರು ನಿಟ್ಟುಸಿರು ಬಿಟ್ಟು, 'ನಂಗೂ ಗೊತ್ತುಂಟು ಅಮ್ಮ, ಕೊಟ್ಟೋರು ಪೂಜೆದು ಅಂದ್ರು, ದಾನಕ್ಕೆ ಬಂದ ಎಮ್ಮೆ ಹಲ್ಲು ಹಿಡ್ದು ನೋಡೋಕಾಗುತ್ತಾ' ಅಂದ್ರು. ಇಬ್ರಿಗೂ ಸ್ನೇಹ ಆಗೋಯ್ತು. ಕಪಾಟಿನಲ್ಲಿದ್ದ ಚನ್ನೆಮಣೆ ಕೆಳಗಿಳೀತು, ಹುಣಸೆಬೀಜ ಅವ್ರ ಜೇಬಲ್ಲೇ ಇತ್ತು (ಯಾಕಿತ್ತು ಅಂತ ನಾನು ಕೇಳ್ಲಿಲ್ಲ), ಮುಟ್ಟಬಾರದು ಅಂತ ಬೋರ್ಡಿರೋ ಸಾಮಾನಿನ ಮೇಲೆ ಎರಡು ಆಟ ಆಯ್ತು, ಎರಡೂ ಅಮ್ಮನೇ ಗೆದ್ರು. ಆಮೇಲೆ ಅವ್ರು ಸಾಯಂಕಾಲದ ಪಾತ್ರೆ ಲೆಕ್ಕ ಇದೆ ಅಂತ ಸಮಾರಾಧನೆ ಮನೆಗೆ ವಾಪಸ್ ಹೋದ್ರು, ಬಾಗ್ಲು ಹಾಕೋಕೆ ಒಬ್ಬ ಹುಡುಗನ್ನ ಕಳಿಸಿದ್ರು.

ಹೊರಡೋವಾಗ ಅಮ್ಮ ಮೂಲೆಗೆ ಕೈ ಹಾಕಿ ಕೊಡೆ ತಗೊಂಡ್ರು. ಹುಡುಗ ಅಡ್ಡ ನಿಂತ. 'ಅಮ್ಮ, ಅದು ಮ್ಯೂಸಿಯಮ್ದು.'

ಟಾರ್ಚ್ ಬಿಟ್ಟು ನೋಡಿದ್ರೆ ಆ ಮೂಲೆ ತುಂಬಾ ಮಳೆಗಾಲದ ಸಾಮಾನು. ಬಿದಿರು ಎಲೆ ಹೆಣೆದ ಗೊರಬು, ಕಂಬಳಿ ಕೊಪ್ಪೆ, ಹಾಳೆ ಟೊಪ್ಪಿ, ಅವುಗಳ ನಡುವೆ ಕೊಡೆ. ಅಮ್ಮನಿಗೆ ಕೋಪ ಬಂತು. ಅಪ್ಪ ಕೊಪ್ಪದ ಸಂತೇಲಿ ತಗೊಂಡಿದ್ದು, ಅಕ್ಕನ ಬಾಣಂತನಕ್ಕೆ ಇದನ್ನೇ ಹಿಡ್ಕೊಂಡು ನಡ್ಕೊಂಡು ಬಂದಿದ್ದು, ಕೊಡೆಯ ವಂಶಾವಳಿ ಪೂರ್ತಿ ಹೇಳಿದ್ರು. ಹುಡುಗ ಕೊಡೆ ಮುಟ್ಟಿ ನೋಡಿ, 'ನೀವು ಮಳೇಲಿ ಬಂದಿದ್ದು ಅಂತೀರಿ, ಇದು ಒದ್ದೆನೇ ಇಲ್ವಲ್ಲ?' ಅಂದ. ನಾನು ಆಗ ಮಧ್ಯೆ ಹೋಗ್ಬಾರ್ದಿತ್ತು, ಹೋದೆ. ಬಂದು ಒಂದು ಗಂಟೆ ಆಯ್ತಪ್ಪಾ, ಹಳೇ ಕಾಲದ ಬಟ್ಟೆ, ಬೇಗ ಒಣಗುತ್ತೆ ಅಂತ ವಿಜ್ಞಾನ ಹೇಳಿದೆ. ಮಲೆನಾಡಿನ ಮಳೇಲಿ ಎರಡು ದಿನ ಹರವಿದ್ರೂ ಕರ್ಚೀಫ್ ಒಣಗಲ್ಲ ಅಂತ ಆ ಹುಡುಗನಿಗೆ ಗೊತ್ತಿತ್ತು, ಆದ್ರೆ ಪಾಪ, ವಯಸ್ಸಾದೋರ ಹತ್ರ ಜಗಳ ಯಾಕೆ ಅಂತ ವಿಸಿಟರ್ಸ್ ಬುಕ್ ಮುಂದಿಟ್ಟ. ಅಭಿಪ್ರಾಯ ಅನ್ನೋ ಕಾಲಮಲ್ಲಿ ನನ್ನ ಕೈಯಾರೆ ಬರೆದೆ: 'ಸಂಗ್ರಹ ಚೆನ್ನಾಗಿದೆ. ಒಂದು ಕೊಡೆ ತಗೊಂಡು ಹೋಗ್ತಾ ಇದ್ದೇವೆ. ಅದು ನಮ್ಮದೇ.' ಕೆಳಗೆ ಸೈನು, ಫೋನ್ ನಂಬರು.

ಹೊರಗೆ ಆಗ ಹೊಳವಾಗಿತ್ತು, ಕೊಡೆ ಬಿಚ್ಚೋ ಪ್ರಮೇಯ ಬರ್ಲಿಲ್ಲ. ಹತ್ತು ಕಿಲೋಮೀಟರ್ ಮುಂದೆ ಟೀ ಕುಡಿಯೋಕೆ ನಿಲ್ಸಿದಾಗ ಮತ್ತೆ ಶುರುವಾಯ್ತು ಮಳೆ. ಅಮ್ಮ ಕಾರಿಂದ ಇಳಿದು, 'ನೋಡ್ರೋ ಕೊಡೆ ಅಂದ್ರೆ ಇದು' ಅಂತ ಬಿಚ್ಚಿದ್ರು. ಅರ್ಧ ಬಿಚ್ಕೊಂಡು ನಿಂತೋಯ್ತು. ಒಳಗಿಂದ ಕಣಜದ ಮಣ್ಣಿನ ಗೂಡೊಂದು ಅವ್ರ ಹೆಗಲ ಮೇಲೆ ಬಿತ್ತು. ಬಟ್ಟೆ ತುಂಬಾ ತೂತು, ಆಕಾಶ ಕಾಣ್ತಿತ್ತು. ಒಂದು ಕಡ್ಡಿಗೆ ದಾರದಲ್ಲಿ ಚೀಟಿ ಕಟ್ಟಿತ್ತು, ಮಗ ಓದ್ದ: 'ನಲವತ್ತೇಳು.'

ಯಾರೂ ಟೀ ಕುಡೀಲಿಲ್ಲ. ಕಾರ್ ತಿರುಗಿಸ್ಕೊಂಡು ಆ ಹತ್ತು ಕಿಲೋಮೀಟರ್ ನಾನು ಯಾವತ್ತೂ ಓಡ್ಸಿರದ ಸ್ಪೀಡಲ್ಲಿ ಹೋದೆ. ಐದೂ ಹತ್ತು. ಗೇಟಿಗೆ ಬೀಗ. ಹುಡುಗ ಇಲ್ಲ, ಸೈಕಲ್ ಶಾಪ್ ಮುಚ್ಚಿದೆ, ಕೆಂಪು ಹೆಂಚಿನ ಮನೆಗೆ ಮತ್ತೆ ಹೋಗಿ ಈ ವಿಷ್ಯ ಹೇಳೋ ಧೈರ್ಯ ನಮ್ಮ ನಾಲ್ಕು ಜನದಲ್ಲಿ ಯಾರಿಗೂ ಇಲ್ಲ. ಬೋರ್ಡ್ ಮೇಲೆ, ಮಧ್ಯಾಹ್ನ ನಾನು ಗಮನಿಸದೇ ಇದ್ದ ಕೊನೇ ಸಾಲು: ಸೋಮವಾರ ರಜೆ.

ಹೆಂಡತಿ ಸುಮ್ನೆ ಮೊಬೈಲ್ ತೆಗ್ದು ಫೋಟೋ ಹೊಡ್ಕೊಂಡ್ಲು. ಕಿಟಕಿ ಸರಳಿನ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿದೆ, ಮೂಲೇಲಿ ಗೊರಬಿಗೆ ಒರಗಿಕೊಂಡು ಅಜ್ಜನ ಕೊಡೆ ನಿಂತಿದೆ, ಕೆಳಗೆ ನೀರಿನ ಸಣ್ಣ ಮಡು. ಅಮ್ಮನೂ ಇಣುಕಿ ನೋಡಿದ್ರು. ನಲವತ್ತೇಳನೇ ನಂಬರ್ ಕೊಡೇನ ಕಂಕುಳಲ್ಲಿ ಸರಿಯಾಗಿ ಸಿಕ್ಕಿಸ್ಕೊಂಡು, 'ಬಿಡು, ನಮ್ದು ಒಳಗೆ ಒಣಗ್ಲಿ' ಅಂದ್ರು.