ಹೆಸರು ಹೇಳಿ, ಇಳಿಯುತ್ತೇನೆ

ದುಬೈಗೆ ಹೋದವರು ಬುರ್ಜ್ ಖಲೀಫಾದ ಎದುರು ನಿಂತು ಫೋಟೋ ಹಾಕುತ್ತಾರೆ. ನಾನೂ ಒಂದು ತೆಗೆಸಿಕೊಂಡೆ, ಇಲ್ಲ ಅಂತಲ್ಲ. ಆದರೆ ನನ್ನ ಫೋನ್ ತುಂಬ ಇರುವುದು ಮೆಟ್ರೋ ಸ್ಟೇಷನ್‌ಗಳ ಬೋರ್ಡ್. ಮಂಗಳೂರಿಗೆ ವಾಪಸ್ ಬಂದು ಇವರಿಗೆ ತೋರಿಸಿದೆ. "ಬೋರ್ಡ್ ನೋಡಲಿಕ್ಕೆ ಅಷ್ಟು ದೂರ ಹೋದದ್ದಾ? ನಮ್ಮ ಹಂಪನಕಟ್ಟೆಯಲ್ಲಿ ಬೇಕಾದಷ್ಟು ಉಂಟಲ್ಲ" ಅಂದರು. ಉಂಟು, ಹೌದು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ನನ್ನ ತಮ್ಮ ಇಪ್ಪತ್ತು ವರ್ಷದಿಂದ ದುಬೈಯ ಕರಾಮ ಬಡಾವಣೆಯಲ್ಲಿ ಇದ್ದಾನೆ. ನಮ್ಮ ಕಡೆಯವರಿಗೆ ಕರಾಮ ಅಂದರೆ ಹೆಚ್ಚು ವಿವರಿಸಬೇಕಾಗಿಲ್ಲ. ಮಸಾಲೆ ದೋಸೆಯೂ ಸಿಗುತ್ತದೆ, ಮೀನು ಊಟವೂ ಸಿಗುತ್ತದೆ. ಬಜ್ಪೆಯಲ್ಲಿ ವಿಮಾನ ಹತ್ತಿ ಅಲ್ಲಿ ಇಳಿದ ಮರುದಿನ ಬೆಳಿಗ್ಗೆ ತಮ್ಮ ಕೈಗೆ ಒಂದು ನೋಲ್ ಕಾರ್ಡ್ ಕೊಟ್ಟ, ಅಲ್ಲಿ ಟಿಕೆಟ್ ಬದಲು ಅದೇ. "ಅಕ್ಕ, ಊರಲ್ಲಿ ಸ್ಟೇಟ್‌ಬ್ಯಾಂಕ್ ಸ್ಟಾಪಿಗೆ ಬಸ್‌ನಲ್ಲಿ ಹೋದ ಹಾಗೆ ಮೆಟ್ರೋದಲ್ಲಿ ಹೋಗಿ ಬಾ. ಹೆದರಬೇಡ" ಅಂದ. ಅವನ ಮಗಳು, ಹನ್ನೆರಡು ವರ್ಷದವಳು, ರಜೆಯಲ್ಲಿ ಮನೆಯಲ್ಲೇ ಇದ್ದಳು. ಅವಳೇ ನನ್ನ ಗೈಡ್.

ಹತ್ತಿರದ ಸ್ಟೇಷನ್‌ಗೆ ಹೋದರೆ ಬೋರ್ಡ್‌ನಲ್ಲಿ 'ಎಡಿಸಿಬಿ' ಅಂತ ಇತ್ತು. ಕರಾಮ ಎಲ್ಲಿ?

"ಅತ್ತೆ, ಇದೇ ಕರಾಮ. ಎಡಿಸಿಬಿ ಅಂದ್ರೆ ಬ್ಯಾಂಕ್ ಹೆಸರು. ಅಬುಧಾಬಿ ಕಮರ್ಷಿಯಲ್ ಬ್ಯಾಂಕ್."

ಮೂವತ್ತಮೂರು ವರ್ಷ ಬ್ಯಾಂಕಿನಲ್ಲಿ ದುಡಿದು ರಿಟೈರ್ ಆದವಳು ನಾನು. ಸಮುದ್ರ ದಾಟಿ ಬಂದರೂ ಬ್ಯಾಂಕಿಗೇ ಹೋಗಿ ರೈಲು ಹತ್ತಬೇಕಾ ಅಂತ ನಗು ಬಂತು. ಅವತ್ತು ಶುರುವಾದ ಹುಚ್ಚು. ಮೂರು ವಾರದಲ್ಲಿ ಎಷ್ಟು ಸ್ಟೇಷನ್ ಸಾಧ್ಯವೋ ಅಷ್ಟರಲ್ಲಿ ಇಳಿದು, ಬೋರ್ಡ್ ನೋಡಿ, ಹೆಸರಿನ ಕಥೆ ಕೇಳಿ ಮತ್ತೆ ಹತ್ತಿದೆ.

ರೈಲಿನ ಬಗ್ಗೆ ಮೊದಲು ಒಳ್ಳೆಯ ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬರೀ ದೂರು ಅನ್ನುತ್ತೀರಿ. ಚೊಕ್ಕ ಉಂಟು. ಡ್ರೈವರ್ ಇಲ್ಲ. ಮುಂದಿನ ಗಾಜಿನ ಹತ್ತಿರ ಮಕ್ಕಳು ನಿಂತು ತಾವೇ ಓಡಿಸುವವರ ಹಾಗೆ ಹಳಿ ನೋಡುತ್ತಾರೆ. ಹೆಂಗಸರಿಗೆ, ಮಕ್ಕಳಿಗೆ ಬೇರೆ ಜಾಗ. ನೆಲದ ಮೇಲೆ ಗುಲಾಬಿ ಗೆರೆ, ಗಂಡಸರು ಅದನ್ನು ದಾಟಿದರೆ ದಂಡ. ಹತ್ತಿರಕ್ಕೆ ಹೋದರೆ 3 ದಿರ್ಹಮ್, ಊರಿನ ಆ ತುದಿಗೆ ಹೋದರೂ 7.50. ನಾನು ಬ್ಯಾಗಿನಿಂದ ಚಕ್ಕುಲಿ ಡಬ್ಬ ತೆಗೆದದ್ದಕ್ಕೆ ಮಾತ್ರ ಸೋದರಸೊಸೆ ಕೈ ಹಿಡಿದು ನಿಲ್ಲಿಸಿದಳು. ತಿಂದರೆ 100 ದಿರ್ಹಮ್ ಫೈನ್ ಅಂತೆ. ನಮ್ಮೂರ ಚಕ್ಕುಲಿಗೆ ಅಷ್ಟು ಬೆಲೆ ಎಲ್ಲಿಯೂ ಬಂದಿರಲಿಕ್ಕಿಲ್ಲ.

ಈ ಮೆಟ್ರೋ ಶುರುವಾದದ್ದು 2009ರ ಸೆಪ್ಟೆಂಬರ್ 9ರಂದು, ರಾತ್ರಿ 9 ಗಂಟೆ 9 ನಿಮಿಷ 9 ಸೆಕೆಂಡಿಗೆ. ನಮ್ಮ ಜೋಯಿಸರು ಕೂಡ ಇಷ್ಟು ಗಟ್ಟಿಯಾಗಿ ಮುಹೂರ್ತ ಇಡುವುದಿಲ್ಲ. ಕೆಂಪು ಲೈನಿನ 29 ಸ್ಟೇಷನ್‌ಗಳಲ್ಲಿ ಅವತ್ತು ತೆರೆದದ್ದು 10 ಮಾತ್ರ. ಹಸಿರು ಲೈನ್ ಬಂದದ್ದು 2011ರಲ್ಲಿ, ಅದೂ ಸೆಪ್ಟೆಂಬರ್ 9ಕ್ಕೇ.

ಹೆಸರಿನ ಗಮ್ಮತ್ತು ಇರುವುದು ಕೆಂಪು ಲೈನಿನಲ್ಲಿ. ಅಲ್ಲಿ ಸ್ಟೇಷನ್ ಹೆಸರನ್ನು ಕಂಪನಿಗಳಿಗೆ ಮಾರುತ್ತಾರೆ. ಇಷ್ಟು ವರ್ಷಕ್ಕೆ ಅಂತ ಒಪ್ಪಂದ. ಅದು ಮುಗಿದರೆ, ಅಥವಾ ಇನ್ನೊಬ್ಬರು ಬಂದರೆ, ಬೋರ್ಡ್ ಬದಲು. ಅಲ್ ಜಾಫಿಲಿಯಾ ಅನ್ನುವ ಬಡಾವಣೆಯ ಹೆಸರು ಹೋಗಿ ಬಟ್ಟೆ ಅಂಗಡಿಯ ಹೆಸರು ಬಂದಿದೆ: ಮ್ಯಾಕ್ಸ್ ಫ್ಯಾಶನ್. ಖಾಲಿದ್ ಬಿನ್ ಅಲ್ ವಲೀದ್ ಅಂತ ಹಳೆಯ ಕಾಲದ ಒಬ್ಬ ಸೇನಾಪತಿಯ ಹೆಸರಿದ್ದ ಸ್ಟೇಷನ್ ಈಗ ಬುರ್ಜುಮಾನ್, ಅದು ಶಾಪಿಂಗ್ ಮಾಲ್. ಒಳಗೆ ಮಾತ್ರ ಬಹಳ ಚಂದ. ನೀರಿನ ಥೀಮ್ ಅಂತೆ, ಚಾವಣಿಯಿಂದ ಅಂಬಲಿ ಮೀನಿನ (ಜೆಲ್ಲಿಫಿಶ್) ಹಾಗೆ ದೀಪಗಳನ್ನು ಇಳಿಬಿಟ್ಟಿದ್ದಾರೆ.

ದುಬೈ ಮರೀನಾ ಸ್ಟೇಷನ್ ಈಗ ಶೋಭಾ ರಿಯಾಲ್ಟಿ. ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ಹುಡುಕಿದವರಿಗೆ ಈ ಹೆಸರು ಗೊತ್ತಿರುತ್ತದೆ. ಕಂಪನಿ ಕಟ್ಟಿದ ಪಿ.ಎನ್.ಸಿ. ಮೆನನ್ ಕೇರಳದವರು, ಶೋಭಾ ಅವರ ಹೆಂಡತಿಯ ಹೆಸರು. ಹೆಂಡತಿಯ ಹೆಸರಲ್ಲಿ ಮೆಟ್ರೋ ಸ್ಟೇಷನ್! ಇದನ್ನು ಇವರಿಗೆ ಹೇಳಿದೆ. ಪೇಪರ್‌ನಿಂದ ತಲೆ ಎತ್ತಲಿಲ್ಲ.

ಇನ್ನೊಂದು ಸ್ಟೇಷನ್ ಕಥೆ ನನಗೆ ತಮಾಷೆಗಿಂತ ಜಾಸ್ತಿ ಅನಿಸಿತು. ಮೊದಲು ಅದು ಫಸ್ಟ್ ಗಲ್ಫ್ ಬ್ಯಾಂಕ್. 2017ರಲ್ಲಿ ಆ ಬ್ಯಾಂಕ್ ಇನ್ನೊಂದರ ಜೊತೆ ಸೇರಿ ಫಸ್ಟ್ ಅಬುಧಾಬಿ ಬ್ಯಾಂಕ್ ಆಯಿತು, ಸ್ಟೇಷನ್ ಬೋರ್ಡೂ ಹಾಗೇ ಆಯಿತು. ಆಮೇಲೆ ಬ್ಯಾಂಕಿನ ಹೆಸರು ಹೋಗಿ ಉಮ್ ಅಲ್ ಶೈಫ್ ಅಂತ ಜಾಗದ ಹೆಸರು ಬಂತು. ಈಗ ಈಕ್ವಿಟಿ, ಅದೂ ಒಂದು ಹಣಕಾಸಿನ ಕಂಪನಿ. ಸ್ಟೇಷನ್ ಅಲ್ಲೇ ಉಂಟು, ಒಂದು ಅಡಿ ಆಚೀಚೆ ಆಗಿಲ್ಲ.

ಬ್ಯಾಂಕ್ ಸೇರಿಕೊಂಡರೆ ಬೋರ್ಡ್ ಇಳಿಸುವುದು ಹೇಗೆ ಅಂತ ಮಂಗಳೂರು, ಉಡುಪಿಯವರಿಗೆ ಹೇಳಿಕೊಡಬೇಕಾ? 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ ಹೋಯಿತು. ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಶನ್ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಎರಡೂ 2020ರ ಏಪ್ರಿಲ್ 1ಕ್ಕೆ. ಅದರಲ್ಲಿ ನನ್ನದೂ ಒಂದು, ಯಾವುದು ಅಂತ ಗೆಳೆಯರಿಗೆ ಗೊತ್ತು. ಅವತ್ತು ಏಣಿ ಹಾಕಿ ಹಳೆಯ ಬೋರ್ಡ್ ಇಳಿಸುವಾಗ ಒಬ್ಬರು ಹಿರಿಯ ಗ್ರಾಹಕರು ಪಾಸ್‌ಬುಕ್ ಹಿಡಿದುಕೊಂಡು ಕೆಳಗೆ ನಿಂತಿದ್ದರು. "ಇನ್ನು ನಾನು ಯಾವ ಬ್ಯಾಂಕಿಗೆ ಬರುವುದು?" ಅಂತ ಕೇಳಿದರು. ಅವರು ಈಗಲೂ ಹಳೆಯ ಹೆಸರೇ ಹೇಳುತ್ತಾರೆ, ಹೊಸ ಹೆಸರಿನಲ್ಲಿ ಬಡ್ಡಿ ತೆಗೆದುಕೊಳ್ಳುತ್ತಾರೆ.

ನನಗೂ ಒಂದು ದಿನ ಹಾಗೇ ಆಯಿತು. ಊರಿನವರೊಬ್ಬರು ಮನೆಗೆ ಕರೆದಿದ್ದರು. ಇಳಿಯುವ ಸ್ಟೇಷನ್ ಯಾವುದು ಅಂತ ಫೋನಿನಲ್ಲಿ ಹೇಳಿದರು, ಚೀಟಿಯಲ್ಲಿ ಬರೆದುಕೊಂಡೆ. ಸೊಸೆಗೆ ಟ್ಯೂಷನ್, ಒಬ್ಬಳೇ ಹೊರಟೆ. ರೈಲಿನಲ್ಲಿ ಅರಬಿಯಲ್ಲಿ, ಇಂಗ್ಲಿಷಿನಲ್ಲಿ ಒಂದೊಂದೇ ಹೆಸರು ಹೇಳುತ್ತಾ ಹೋಯಿತು. ಚೀಟಿಯಲ್ಲಿದ್ದ ಹೆಸರು ಬರಲೇ ಇಲ್ಲ. ಬಾಗಿಲಿನ ಮೇಲಿನ ನಕ್ಷೆಯಲ್ಲಿ ಎರಡು ಸಲ ಹುಡುಕಿದೆ. ಪಕ್ಕದಲ್ಲಿ ಇದ್ದ ಫಿಲಿಪೀನ್ಸ್ ಹುಡುಗಿಗೆ ತೋರಿಸಿದೆ. ಅವಳೂ ಹುಡುಕಿದಳು, ತಲೆ ಅಲ್ಲಾಡಿಸಿದಳು. ಕೊನೆಗೆ ತಮ್ಮನಿಗೆ ಫೋನ್ ಮಾಡಿದರೆ, "ಅಯ್ಯೋ ಅಕ್ಕ, ಅದು ಹಳೇ ಹೆಸರು. ನಾವೆಲ್ಲ ಹಾಗೇ ಹೇಳುವುದು. ನೀನು ಮೂರು ಸ್ಟೇಷನ್ ಮುಂದೆ ಹೋಗಿದ್ದಿ" ಅಂದ. ಅವರ ಮನೆ ಮುಟ್ಟುವಾಗ ಪತ್ರೊಡೆ ತಣ್ಣಗಾಗಿತ್ತು.

ರಾತ್ರಿ ಊಟಕ್ಕೆ ಕೂತಾಗ ಗಮನಿಸಿದೆ. ಒಂದೇ ಮನೆಯಲ್ಲಿ ಅಪ್ಪ ಹೇಳುವುದು ಒಂದು ಹೆಸರು, ಮಗಳು ಹೇಳುವುದು ಇನ್ನೊಂದು. ತಮ್ಮನಿಗೆ ಅದು ಮರೀನಾ, ಸೊಸೆಗೆ ಶೋಭಾ. ಹುಟ್ಟಿ ಹನ್ನೆರಡು ವರ್ಷ ಆಗುವುದರೊಳಗೆ ಅವಳಿಗೂ "ಮೊದಲು ಹೀಗಿತ್ತು" ಅನ್ನುವ ಸ್ಟೇಷನ್‌ಗಳು ಉಂಟು!

ಹಸಿರು ಲೈನಿನಲ್ಲಿ ನನಗೆ ಹೆಚ್ಚು ಸಮಾಧಾನ ಆಯಿತು. ಅಲ್ ರಾಸ್, ಅಲ್ ಘುಬೈಬಾ, ಬನಿಯಾಸ್ ಸ್ಕ್ವೇರ್. ಅರಬಿಯಲ್ಲಿ ರಾಸ್ ಅಂದರೆ ತಲೆ, ನೀರಿಗೆ ಚಾಚಿದ ನೆಲದ ತುದಿಗೂ ಹಾಗೇ ಹೇಳುತ್ತಾರೆ. ಹೊರಗೆ ಬಂದು ನೋಡಿದರೆ ನಿಜವಾಗಿ ಖಾಡಿಯ ತುದಿ, ಮಸಾಲೆ ವಾಸನೆ, ಮೂಟೆ ಹೊತ್ತ ಗಾಡಿಗಳು. ನಮ್ಮ ಬಂದರು ಏರಿಯಾವೇ. ಹೆಸರು ಓದಿದರೆ ಜಾಗ ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ರೈಲು ಖಾಡಿಯ ಅಡಿಯಲ್ಲಿ ಸುರಂಗದಲ್ಲಿ ದಾಟುತ್ತದೆ. ಮೇಲೆ ಅಬ್ರ ಅನ್ನುವ ಮರದ ದೋಣಿ, ಒಂದು ದಿರ್ಹಮ್. ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದಾಟಿದ ಹಾಗೆ. ನಾನು ಹೋಗುವಾಗ ರೈಲು, ಬರುವಾಗ ದೋಣಿ.

ಟ್ರಾಮ್ ಕೂಡ ಉಂಟು, 2014ರಲ್ಲಿ ಬಂದದ್ದು. ಮರೀನಾ ಕಡೆ 11 ಸ್ಟೇಷನ್. ರಸ್ತೆಯ ಮಟ್ಟದಲ್ಲೇ ಹೋಗುತ್ತದೆ, ಮೇಲೆ ತಂತಿ ಇಲ್ಲ, ಕರೆಂಟ್ ನೆಲದಿಂದಲೇ. ಅದರಲ್ಲಿ ಎರಡು ಸ್ಟೇಷನ್ ಹೆಸರು ಜುಮೇರಾ ಬೀಚ್ ರೆಸಿಡೆನ್ಸ್ 1 ಮತ್ತು 2. ಹೆಸರು ಇಡುವಾಗ ಸಂಜೆ ಆಗಿರಬೇಕು, ಸುಸ್ತಾಗಿದ್ದರು ಅಂತ ಕಾಣುತ್ತದೆ.

ಈಗ ನನ್ನ ತಕರಾರಿಗೆ ನಾನೇ ಒಂದು ಅಡ್ಡಪ್ರಶ್ನೆ ಹಾಕಿಕೊಳ್ಳಬೇಕು. ನಮ್ಮ ಊರಿನ ದೊಡ್ಡ ಸ್ಟಾಪಿನ ಹೆಸರೇ ಸ್ಟೇಟ್‌ಬ್ಯಾಂಕ್ ಅಲ್ವಾ? ಅದೂ ಬ್ಯಾಂಕೇ ತಾನೆ? ಜ್ಯೋತಿ ಅನ್ನುವುದು ಟಾಕೀಸಿನ ಹೆಸರು. ಬೋರ್ಡ್‌ನಲ್ಲಿ ಅಂಬೇಡ್ಕರ್ ವೃತ್ತ, ಟಿಕೆಟ್ ಕೇಳುವಾಗ ಜ್ಯೋತಿ. ಬೆಂಗಳೂರಿನ ಮೆಜೆಸ್ಟಿಕ್ ಕೂಡ ಒಂದು ಥಿಯೇಟರಿನಿಂದ ಬಂದದ್ದು. ಥಿಯೇಟರ್ ಇಲ್ಲವಾಗಿ ಎಷ್ಟೋ ಕಾಲ ಆಯಿತು. ಮೆಟ್ರೋದವರು ನಾಡಪ್ರಭು ಕೆಂಪೇಗೌಡ ನಿಲ್ದಾಣ ಅಂತ ಹೆಸರಿಟ್ಟರೂ ಜನ ಮೆಜೆಸ್ಟಿಕ್‌ನಲ್ಲೇ ಲೈನ್ ಬದಲಿಸುತ್ತಾರೆ. ವ್ಯಾಪಾರದ ಹೆಸರು ಬೇಡ ಅನ್ನುವುದಾದರೆ ಇವೂ ಬೇಡ ಅನ್ನಬೇಕಾಗುತ್ತದೆ.

ತುಂಬ ಯೋಚಿಸಿದೆ. ಸ್ಟೇಟ್‌ಬ್ಯಾಂಕ್ ಅಂತ ಕರೆಯಿರಿ ಅಂತ ಬ್ಯಾಂಕಿನವರು ಯಾರಿಗೂ ದುಡ್ಡು ಕೊಟ್ಟಿರಲಿಕ್ಕಿಲ್ಲ. ಕಂಡಕ್ಟರ್ ಕೂಗಿದ, ಜನ ಹತ್ತಿದರು, ಹೆಸರು ಅಂಟಿಕೊಂಡಿತು. ಪಂಪ್‌ವೆಲ್ ಕೂಡ ಹಾಗೇ. ಅಲ್ಲಿ ಪಂಪು, ಬಾವಿ ಹುಡುಕಿದರೆ ಫ್ಲೈಓವರ್ ಸಿಗುತ್ತದೆ, ಅದೂ ನಮ್ಮ ತಾಳ್ಮೆಯನ್ನೆಲ್ಲ ಮುಗಿಸಿ 2020ರಲ್ಲಿ ತೆರೆದದ್ದು. ಮಹಾವೀರ ವೃತ್ತ ಅಂತ ಹೇಳಿ ಬಸ್ಸಿನಲ್ಲಿ ಟಿಕೆಟ್ ಕೇಳಿ ನೋಡಿ, ಕಂಡಕ್ಟರ್ ನಿಮ್ಮ ಮುಖ ನೋಡುತ್ತಾನೆ. ಈ ಹೆಸರುಗಳಿಗೆ ಒಪ್ಪಂದ ಇಲ್ಲ, ಅವಧಿ ಇಲ್ಲ. ನಾಳೆ ಆ ಬ್ಯಾಂಕೇ ಇಲ್ಲದಿದ್ದರೂ "ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್, ದುಂಬು ಪೋಲೆ" (ಮುಂದೆ ಹೋಗಿ) ಅಂತ ತುಳುವಿನಲ್ಲಿ ಕೂಗು ಇರುತ್ತದೆ.

ದುಡ್ಡಿನ ಪ್ರಶ್ನೆಯನ್ನೂ ತಳ್ಳಿ ಹಾಕುವವಳಲ್ಲ ನಾನು, ಲೆಕ್ಕ ಬರೆದವಳು. ಮೆಟ್ರೋ ನಡೆಸುವುದು ಟಿಕೆಟ್ ಹಣದಲ್ಲಿ ಮಾತ್ರ ಸುಲಭ ಅಲ್ಲ. 2025ರ ಫೆಬ್ರವರಿಯಲ್ಲಿ ಬೆಂಗಳೂರು ಮೆಟ್ರೋದ ಹೆಚ್ಚಿನ ದರ 60 ರೂಪಾಯಿಯಿಂದ 90ಕ್ಕೆ ಹೋದಾಗ ನನ್ನ ಮಗ ವಾರವಿಡೀ ಫೋನಿನಲ್ಲಿ ಬೈದ. ಹೆಸರು ಮಾರಿ ಟಿಕೆಟ್ ಕಡಿಮೆ ಇಡುತ್ತೇವೆ ಅಂದರೆ ನಾನು ಎದ್ದು ನಿಂತು ಬೇಡ ಅನ್ನುತ್ತೇನಾ? ಗೊತ್ತಿಲ್ಲ. ಹಳದಿ ಲೈನಿನಲ್ಲಿ ಅವರು ಮಾಡಿದ್ದು ಪರವಾಗಿಲ್ಲ ಅನಿಸುತ್ತದೆ: ಇನ್ಫೋಸಿಸ್ ಫೌಂಡೇಶನ್ ಕೋನಪ್ಪನ ಅಗ್ರಹಾರ, ಬಯೋಕಾನ್ ಹೆಬ್ಬಗೋಡಿ. ಕಂಪನಿ ಮುಂದೆ ಕೂತಿದೆ, ಆದರೆ ಊರು ಇಳಿದು ಹೋಗಿಲ್ಲ. ಗೋಡೆ ಕೊಡಿ, ಕಂಬ ಕೊಡಿ, ಇಡೀ ಬೋಗಿಗೆ ಜಾಹೀರಾತು ಸುತ್ತಿ. ಜಾಗದ ಹೆಸರನ್ನು ಮಾತ್ರ ತೆಗೆಯಬೇಡಿ ಮಾರಾಯ್ರೆ. ನನ್ನಂಥವರು ಚೀಟಿ ಹಿಡಿದುಕೊಂಡು ಹೋಗುವವರು.

ಬೆಂಗಳೂರಿನ ಮೆಟ್ರೋ ಅಂದಾಗ ಅಪರ್ಣಾ ಅವರ ದನಿ ನೆನಪಾಗುತ್ತದೆ. 2024ರ ಜುಲೈಯಲ್ಲಿ ಅವರು ತೀರಿಕೊಂಡರು. ಮುಂದಿನ ನಿಲ್ದಾಣದ ಹೆಸರನ್ನು ಅವರು ಹೇಳುತ್ತಿದ್ದ ರೀತಿಯಲ್ಲಿ ಪ್ರತಿಯೊಂದು ಊರಿಗೂ ಒಂದು ಮರ್ಯಾದೆ ಇತ್ತು. ಬಡಾವಣೆಯ ಹೆಸರನ್ನು ಅಷ್ಟು ಸ್ಪಷ್ಟವಾಗಿ ಯಾರು ಹೇಳುತ್ತಾರೆ?

ನಮ್ಮಲ್ಲಿ ನೇತ್ರಾವತಿ, ಗುರುಪುರ ನದಿಗಳಲ್ಲಿ ಕೊಚ್ಚಿಯ ಹಾಗೆ ವಾಟರ್ ಮೆಟ್ರೋ ಮಾಡುವ ಮಾತು ಉಂಟು. ಬಂದರೆ ಸಂತೋಷ. ಕೂಳೂರನ್ನು ಕೂಳೂರು ಅಂತಲೇ ಬರೆದರೆ ಇನ್ನೂ ಸಂತೋಷ.

ಹಂಪನಕಟ್ಟೆಯ ಬೋರ್ಡ್ ವಿಷಯ ಹೇಳುತ್ತೇನೆ ಅಂದಿದ್ದೆ. ದುಬೈಯಿಂದ ಬಂದ ಮೇಲೆ ನಮ್ಮ ಬಸ್‌ಸ್ಟಾಪ್‌ಗಳನ್ನು ನೋಡಲು ಶುರು ಮಾಡಿದೆ. ಮನೆಯಿಂದ ಹಂಪನಕಟ್ಟೆಯವರೆಗೆ ಬಸ್ಸಿನ ಕಿಟಕಿಯಿಂದ ಲೆಕ್ಕ ಹಾಕಿದೆ. ತಂಗುದಾಣದ ಹಣೆ ತುಂಬ ಹೆಸರೇ ಹೆಸರು: ಇಂಥವರ ಸ್ಮರಣಾರ್ಥ, ಇಂಥವರ ಅನುದಾನ, ಇಂಥ ಕ್ಲಬ್ಬಿನ ಕೊಡುಗೆ, ಮಧ್ಯೆ ಚಿನ್ನದಂಗಡಿಯ ಹಾರ ಹಾಕಿಕೊಂಡ ಹುಡುಗಿ. ಇದು ಯಾವ ಸ್ಟಾಪ್ ಅನ್ನುವುದು ಹೆಚ್ಚಿನ ಕಡೆ ಎಲ್ಲೂ ಇಲ್ಲ. ದುಬೈಯವರು ಹೆಸರನ್ನು ಮಾರಿದರು. ನಾವು ಬರೆಯಲೇ ಇಲ್ಲ.

ಕಳೆದ ವಾರ ನಮ್ಮ ಸ್ಟಾಪಿನಲ್ಲಿ ಕಾಲೇಜಿಗೆ ಹೊಸದಾಗಿ ಸೇರಿದ ಹೊರರಾಜ್ಯದ ಹುಡುಗ ನಿಂತಿದ್ದ. ಗೆಳೆಯ ಫೋನಿನಲ್ಲಿ ಎಲ್ಲಿದ್ದೀ ಅಂತ ಕೇಳಿರಬೇಕು. ಹುಡುಗ ಹಿಂದೆ ತಿರುಗಿ ಬೋರ್ಡ್ ಓದಿ, ಗಂಭೀರವಾಗಿ ಹೇಳಿದ: "ಇನ್ ಲವಿಂಗ್ ಮೆಮೊರಿ ಸ್ಟಾಪ್."

ಅದೇ ತಂಗುದಾಣಕ್ಕೆ ಈಗ ಹೊಸ ಪೇಂಟ್ ಹೊಡೆಯುತ್ತಿದ್ದಾರೆ. ನಿನ್ನೆ ಅಲ್ಲಿದ್ದ ಹುಡುಗರ ಹತ್ತಿರ ಹೋಗಿ, ಒಂದು ಮೂಲೆಯಲ್ಲಿ ಸ್ಟಾಪಿನ ಹೆಸರೂ ಬರೆಯಿರಿ ಅಂದೆ. ಏಣಿಯ ಮೇಲಿದ್ದವನು ಬ್ರಷ್ ನಿಲ್ಲಿಸಿದ.

"ಜಾಗ ಇಲ್ಲ ಅಕ್ಕ. ದಾನಿಗಳದ್ದು ಇನ್ನೂ ಎರಡು ಹೆಸರು ಬಾಕಿ ಉಂಟು. ಸ್ಟಾಪಿನ ಹೆಸರು ಎಲ್ಲರಿಗೂ ಗೊತ್ತುಂಟಲ್ಲ?"